ಕೊಬ್ಬರಿಗಾದರೆ ಕಿವಿ ಸಾಕು, ಕೊಬ್ಬಿಗೆ?

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರು ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯೊಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಗಡಗಡ! "ಆಗಿದೆ ಬಿಡಿ" ಅಂದರು. ಒಡೆಯಲಿಲ್ಲ, ತೂಗಲಿಲ್ಲ, ಗಿಟುಕು ಕರಟ ಬಿಟ್ಟಿದ್ದನ್ನು ಸದ್ದೇ ಹೇಳಿತು. ಅರೆ, ನನ್ನೊಳಗಿನ ಕೊಬ್ಬನ್ನೂ ಹೀಗೆ ಒಡೆಯದೆ ಅಳೆಯಬಹುದೇ?

ಅಲ್ಲೇ ಜಿಮ್ಮೊಂದರಲ್ಲಿ ಬರಿಗಾಲಲ್ಲಿ ಯಂತ್ರ ಹತ್ತಿದೆ. ಗೊತ್ತೇ ಆಗದಷ್ಟು ಸಣ್ಣ ಕರೆಂಟು ಒಂದು ಪಾದದಿಂದ ಏರಿ ಇನ್ನೊಂದರಿಂದ ಇಳಿಯಿತು! ನೀರು ತುಂಬಿದ ಮಾಂಸಖಂಡದಲ್ಲಿ ಅದಕ್ಕೆ ದಾರಿ ಸಲೀಸು, ಕೊಬ್ಬಿನಲ್ಲಿ ತಡೆ. ಪರದೆಯಲ್ಲಿ ಶೇ. 26.8. ಹೊರಗೆ ಬಂದು ಎರಡು ಎಳನೀರು ಕುಡಿದು ಮತ್ತೆ ಹತ್ತಿದೆ. 27.3! ಹತ್ತೇ ನಿಮಿಷದಲ್ಲಿ ಎಳನೀರು ಕೊಬ್ಬಾಯಿತೇ? ಕಾಲಿಂದ ಕಾಲಿಗೆ ಓಡುವ ಕರೆಂಟಿಗೆ ಹೊಟ್ಟೆಯ ನೀರು ಸಿಕ್ಕಿರಲೇ ಇಲ್ಲ. ತೂಕ ಮಾತ್ರ ಏರಿತ್ತು. ಯಂತ್ರ ಅದನ್ನು ಕೊಬ್ಬಿನ ಖಾತೆಗೆ ಬರೆದುಕೊಂಡಿತ್ತು.

ಬೇಲೂರಿನಲ್ಲಿ ದರ್ಪಣಸುಂದರಿ ಎಂದಿನಂತೆ ಕನ್ನಡಿ ಹಿಡಿದೇ ನಿಂತಿದ್ದಳು. ಪಾಪ, ಕನ್ನಡಿಗೆ ಕಾಣುವುದು ಹೊರಮೈ ಅಷ್ಟೇ. ಹಳೇಬೀಡಿನ ಕೆರೆ ಏರಿಯ ಮೇಲೆ ನಿಂತಾಗ ಮಾತ್ರ ಹೊಳೆಯಿತು: ಕೊಬ್ಬು ತೇಲುತ್ತದೆ! ಒಂದು ಮಿಲಿಲೀಟರ್ ಕೊಬ್ಬು ತೂಗುವುದು ಸುಮಾರು 0.9 ಗ್ರಾಂ, ಉಳಿದ ಮೈಯದ್ದು 1.1 ಗ್ರಾಂ. ಉಸಿರೆಲ್ಲ ಬಿಟ್ಟು ಮುಳುಗಿದವರನ್ನು ನೀರೊಳಗೇ ತೂಗಿದರೆ ಲೆಕ್ಕ ಸಿಗುತ್ತದೆ. ಬಹಳ ಕಾಲ ಪ್ರಯೋಗಾಲಯಗಳಲ್ಲಿ ಇದೇ ಒರೆಗಲ್ಲು. ಈಗ ಎರಡು ಬಗೆಯ ಎಕ್ಸ್‌-ರೇ ಹಾಯಿಸುವ ಡೆಕ್ಸಾ ಬಂದಿದೆ. ಅದರದ್ದೂ ಅಂದಾಜೇ, ತಪ್ಪೇ ಇಲ್ಲದ ಅಳತೆ ಬೇಕೆಂದರೆ ಕಾಯಿಯಂತೆ ಒಡೆಯಬೇಕಾದೀತು!

ಬೆರಗಿನ ಸಂಗತಿ ನಮ್ಮ ಮೈಸೂರಿನಲ್ಲೇ ಇದೆ. 1997-98ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಬಂದ ಬಸುರಿಯರಿಂದ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಹುಟ್ಟಿದ ಕೂಸುಗಳ ಬೆನ್ನಿನ ರೆಕ್ಕೆಮೂಳೆಯ ಕೆಳಗಿನ ಚರ್ಮವನ್ನು ಮೆಲ್ಲಗೆ ಹಿಡಿದೆತ್ತಿ, ಕ್ಯಾಲಿಪರ್ ಎಂಬ ಇಕ್ಕುಳದಂಥ ಸಾಧನದಲ್ಲಿ ದಪ್ಪ ಅಳೆದರು. ಬ್ರಿಟನ್ನಿನ ಕೂಸುಗಳ ಮುಂದೆ ಇವು ಎಲ್ಲ ಅಳತೆಯಲ್ಲೂ ಸಣ್ಣವು. ಆದರೆ ಮಾಂಸಖಂಡ ಕಡಿಮೆಯಾದಷ್ಟು ಬೆನ್ನಿನ ಕೊಬ್ಬು ಕಡಿಮೆಯಾಗಿರಲಿಲ್ಲ! ನಾಲ್ಕನೇ ವರ್ಷಕ್ಕೆ ಆ ಮಡಿಕೆ ಬ್ರಿಟನ್ನಿನ ಮಕ್ಕಳದ್ದನ್ನೂ ಮೀರಿತ್ತು. ಸಣಕಲು ಮೈ, ಒಳಗೆ ಕೊಬ್ಬು!

ದೊಡ್ಡವರ ಕಥೆಯೂ ಇದೇ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್, ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚಿ) ಕೂಡ 22.3. ಡೆಕ್ಸಾ ಹೇಳಿದ ಕೊಬ್ಬು? ಯಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2! 2004ರ ಲ್ಯಾನ್ಸೆಟ್‌ನಲ್ಲಿ ಇಬ್ಬರೂ ತಮ್ಮ ಫೋಟೋ ಸಮೇತ ಇದನ್ನು ಪ್ರಕಟಿಸಿದರು.

ನೀವೂ ಯಂತ್ರ ಹತ್ತುವುದಾದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಪ್ರತಿ ಸಲ ಅದೇ ಯಂತ್ರವನ್ನೇ ಹತ್ತಿ. ಎಳನೀರು ಆಮೇಲೆ.