ದೇಶದ ಹೆಸರಿನಲ್ಲಿ ಓಡಿದ ಕಾರು

2007ರ ಡಿಸೆಂಬರ್‌ನಲ್ಲಿ ದಕ್ಷಿಣ ಚೀನಾದ ಜುಹಾಯ್ ನಗರದ ರೇಸ್ ಟ್ರ್ಯಾಕ್‌ನಲ್ಲಿ ವಿಜೇತರ ಗೌರವಾರ್ಥ ‘ಜನಗಣಮನ’ ನುಡಿಸಲಾಯಿತು. ಹಾಕಿಯಲ್ಲೋ ಕುಸ್ತಿಯಲ್ಲೋ ಗೆದ್ದಾಗ ರಾಷ್ಟ್ರಗೀತೆ ಕೇಳುವುದು ನಮಗೆ ಹೊಸದಲ್ಲ. ಆದರೆ ಅಂದು ಗೆದ್ದದ್ದು ಒಂದು ಮೋಟಾರು ಕಾರು. ಓಡಿಸಿದವರು ಕೊಯಮತ್ತೂರಿನ ನರೇನ್ ಕಾರ್ತಿಕೇಯನ್. ಫಲಿತಾಂಶ ಪಟ್ಟಿಯ ಮೊದಲ ಸಾಲಿನಲ್ಲಿದ್ದ ತಂಡದ ಹೆಸರು ಫೆರಾರಿಯೂ ಅಲ್ಲ, ಮೆಕ್‌ಲಾರೆನ್ನೂ ಅಲ್ಲ, ಭಾರತ.

ಆ ಸ್ಪರ್ಧೆಯ ಹೆಸರು ಎ1 ಗ್ರ್ಯಾನ್ ಪ್ರಿ. ದುಬೈ ರಾಜಮನೆತನದ ಶೇಖ್ ಮಕ್ತೂಮ್ ಹಶರ್ ಮಕ್ತೂಮ್ ಅಲ್ ಮಕ್ತೂಮ್ ಅವರ ಕನಸಿನ ಕೂಸು. ಒಬ್ಬನೇ ಕೂರಬಹುದಾದ, ಚಕ್ರಗಳು ಮೈಯಿಂದ ಹೊರಗೆ ಚಾಚಿದ ಕಾರುಗಳ ರೇಸ್ ಎಂದರೆ ಜನರಿಗೆ ನೆನಪಾಗುವುದು ಫಾರ್ಮುಲಾ ಒನ್. ಅಲ್ಲಿ ಸೆಣಸುವುದು ಕಂಪೆನಿಗಳು. ಇಲ್ಲಿ ದೇಶಗಳು ಸೆಣಸಲಿ ಎಂಬುದು ಶೇಖರ ಯೋಚನೆ. 2005ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಮೊದಲ ರೇಸ್ ನಡೆಯಿತು. ಭಾರತವಲ್ಲದೆ ಪಾಕಿಸ್ತಾನ, ಲೆಬನಾನ್‌ಗಳೂ ಕಣದಲ್ಲಿದ್ದವು. ಅಂದು ಎರಡೂ ಓಟ ಗೆದ್ದದ್ದು ಬ್ರೆಜಿಲ್‌ನ ನೆಲ್ಸನ್ ಪಿಕೆ ಜೂನಿಯರ್.

ದೇಶಗಳ ನಡುವಣ ಕಾರ್ ರೇಸ್ ಹೊಸ ಯೋಚನೆಯೇನಲ್ಲ, ಈ ಕ್ರೀಡೆಯ ಬಾಲ್ಯದಷ್ಟೇ ಹಳೆಯದು. ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯ ಒಡೆಯ ಗಾರ್ಡನ್ ಬೆನೆಟ್ 1900ರಲ್ಲಿ ಒಂದು ಕಪ್ ಇಟ್ಟ. (ಪತ್ರಿಕೆ ಮಾರಲು ಆಗಲೂ ಆಟ ಬೇಕಿತ್ತು!) ಒಂದು ದೇಶಕ್ಕೆ ಮೂರೇ ಕಾರು, ಕಾರಿನ ಪ್ರತಿಯೊಂದು ಭಾಗವೂ ಆ ದೇಶದಲ್ಲೇ ತಯಾರಾಗಿರಬೇಕು. ಫ್ರಾನ್ಸ್‌ಗೆ ನೀಲಿ, ಜರ್ಮನಿಗೆ ಬಿಳಿ ಎಂದು ಬಣ್ಣ ಹಂಚಿದ್ದು ಆ ಕಾಲದಲ್ಲೇ. 1903ರ ಓಟ ಐರ್ಲೆಂಡ್‌ನಲ್ಲಿ ನಡೆದಾಗ ಬ್ರಿಟನ್ನಿನ ಕಾರುಗಳು ಹಸಿರು ಬಳಿದುಕೊಂಡವು. ರೇಸ್ ಅಭಿಮಾನಿಗಳು ‘ಬ್ರಿಟಿಷ್ ಹಸಿರು’ ಎನ್ನುವುದರ ಮೂಲ ಇದೇ. ಕಾರು ತಯಾರಕರು ತುಂಬಿ ತುಳುಕುತ್ತಿದ್ದ ಫ್ರಾನ್ಸ್‌ಗೆ ಮಾತ್ರ ಈ ಮೂರು ಕಾರಿನ ಕಟ್ಟು ಹಿಡಿಸಲಿಲ್ಲ. ಮುನಿಸಿಕೊಂಡು 1906ರಲ್ಲಿ ಲೆ ಮಾನ್ ಬಳಿ ತನ್ನದೇ ಓಟ ಏರ್ಪಡಿಸಿ ಅದಕ್ಕೆ ‘ಗ್ರ್ಯಾನ್ ಪ್ರಿ’ ಎಂದು ಹೆಸರಿಟ್ಟಿತು. ಅಂದರೆ ದೇಶಗಳ ಲೆಕ್ಕದ ವಿರುದ್ಧ ಹುಟ್ಟಿದ ಹೆಸರನ್ನೇ ಸುಮಾರು ನೂರು ವರ್ಷಗಳ ನಂತರ ದೇಶಗಳ ಸ್ಪರ್ಧೆಗೆ ಇಟ್ಟಂತಾಯಿತು.

ಬೆನೆಟ್ ಕಪ್‌ನಲ್ಲಿ ದೇಶವನ್ನು ಪ್ರತಿನಿಧಿಸಿದ್ದು ಕಾರು. ಎ1ರಲ್ಲಿ ಅದು ತಲೆಕೆಳಗಾಯಿತು. ಕಾರು ಎಲ್ಲರಿಗೂ ಒಂದೇ: ಬ್ರಿಟನ್ನಿನ ಲೋಲಾ ಕಂಪೆನಿ ಕಟ್ಟಿದ ಮೈ, ಅದರೊಳಗೆ ಜೈಟೆಕ್ ಕಂಪೆನಿಯ 3.4 ಲೀಟರಿನ, ಎಂಟು ಸಿಲಿಂಡರಿನ ಎಂಜಿನ್. ಟೈರೂ ಒಂದೇ. ಮುಂದಿನವನನ್ನು ದಾಟಬೇಕಾದಾಗ ಎಂಜಿನ್‌ಗೆ ಇನ್ನಷ್ಟು ಬಲ ಕೊಡುವ ಒಂದು ಗುಂಡಿ ಚಾಲಕನ ಕೈಗೆ ಎಟುಕುವಂತಿತ್ತು. ಅದನ್ನು ಒಂದು ಓಟದಲ್ಲಿ ಎಷ್ಟು ಸಲ ಒತ್ತಬಹುದು ಎಂಬುದಕ್ಕೂ ಮಿತಿ. ಬಹುಪಾಲು ತಂಡಗಳ ಮೆಕ್ಯಾನಿಕ್‌ಗಳು, ಎಂಜಿನಿಯರ್‌ಗಳು ಯುರೋಪಿನ ರೇಸಿಂಗ್ ಸಂಸ್ಥೆಗಳವರು. ಉಳಿದದ್ದೇನು? ಬಣ್ಣ ಮತ್ತು ಚಾಲಕ. ಆತ ಆ ದೇಶದವನೇ ಆಗಿರಬೇಕು ಎಂಬ ನಿಯಮವೇ ಇಡೀ ಸ್ಪರ್ಧೆಯ ಜೀವಾಳ.

ಇದು ಬರಿಯ ಬಣ್ಣದ ಆಟ ಎಂದು ಮೂಗುಮುರಿದವರುಂಟು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಪಾಕಿಸ್ತಾನದ ಪರ ಓಡಿಸಿದ ಆಡಂ ಖಾನ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 2007–08ರ ಚಾಂಪಿಯನ್ ಪಟ್ಟವನ್ನು ಸ್ವಿಟ್ಜರ್ಲೆಂಡ್‌ಗೆ ತಂದುಕೊಟ್ಟ ನೀಲ್ ಜಾನಿ ಅವರ ತಂದೆ ಭಾರತೀಯರು. ಆ ಸ್ವಿಟ್ಜರ್ಲೆಂಡ್‌ನಲ್ಲೋ, 1955ರಲ್ಲಿ ಲೆ ಮಾನ್‌ನಲ್ಲಿ ಪ್ರೇಕ್ಷಕರ ಮೇಲೆ ಕಾರು ನುಗ್ಗಿದ ದುರಂತದ ನಂತರ, ಟ್ರ್ಯಾಕ್ ರೇಸನ್ನೇ ನಿಷೇಧಿಸಲಾಗಿತ್ತು!

ಆದರೂ ನಮ್ಮ ಚಾಲಕರ ಕಡೆಯಿಂದ ನೋಡಿದರೆ ಆ ನಿಯಮದ ಬೆಲೆ ತಿಳಿಯುತ್ತದೆ. ಈ ಕ್ರೀಡೆಯಲ್ಲಿ ಸೀಟು ಸಿಗುವುದು ಪ್ರತಿಭೆಯೊಂದರಿಂದಲೇ ಅಲ್ಲ. ಬೆನ್ನ ಹಿಂದೆ ಹಣದ ಥೈಲಿ ಬೇಕು. ನರೇನ್ 2005ರಲ್ಲಿ ಜೋರ್ಡಾನ್ ತಂಡದ ಮೂಲಕ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯ. ಆದರೆ ಅವರಿಗೆ ಸಿಕ್ಕ ಕಾರು ಹಿಂದಿನ ಸಾಲಿನದು. ಆ ವರ್ಷ ಅವರು ಅಂಕ ಗಳಿಸಿದ್ದು ಆರೇ ಕಾರುಗಳು ಓಡಿದ ಅಮೆರಿಕದ ವಿಲಕ್ಷಣ ರೇಸಿನಲ್ಲಿ ಮಾತ್ರ. ಮುಂದಿನ ಎರಡು ವರ್ಷ ವಿಲಿಯಮ್ಸ್ ತಂಡದಲ್ಲಿ ಪರೀಕ್ಷಾ ಚಾಲಕನ ಕೆಲಸ. ಚೆನ್ನಾಗಿ ಓಡಿಸುತ್ತಾರೋ ಇಲ್ಲವೋ ಎಂದು ಅಳೆಯಲು ಅಳತೆಗೋಲೇ ಇರಲಿಲ್ಲ. ಎ1ರಲ್ಲಿ ಎಲ್ಲರಿಗೂ ಒಂದೇ ಕಾರು ಸಿಕ್ಕಾಗ ಅಳತೆಗೋಲು ಸಿಕ್ಕಿತು. ಜುಹಾಯ್ ಗೆಲುವು ಅದೃಷ್ಟದ್ದೆಂದು ಅನುಮಾನಿಸಿದವರಿಗೆ 2008ರ ಮೇ ತಿಂಗಳಲ್ಲಿ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಇನ್ನೊಂದು ಗೆಲುವಿನ ಉತ್ತರ ಬಂತು. ಚೆನ್ನೈನ ಕರುಣ್ ಚಂದೋಕ್, ಅರ್ಮಾನ್ ಇಬ್ರಾಹಿಂ ಅವರಿಗೂ ಈ ಕಾರು ದೊರೆತದ್ದು ಪಾಸ್‌ಪೋರ್ಟ್ ಭಾರತದ್ದಾಗಿದ್ದರಿಂದ.

ಹೋಲಿಕೆಗೆ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಕಟ್ಟಿದ ಫೋರ್ಸ್ ಇಂಡಿಯಾವನ್ನು ನೋಡಿ. 2008ರಿಂದ 2018ರವರೆಗೆ ಅದು ದೇಶದ ಹೆಸರು ಹೊತ್ತು ಫಾರ್ಮುಲಾ ಒನ್‌ನಲ್ಲಿ ಓಡಿತು. ಆದರೆ ಒಂದೇ ಒಂದು ರೇಸಿನಲ್ಲೂ ಅದರ ಚಾಲಕ ಭಾರತೀಯನಾಗಿರಲಿಲ್ಲ. ಅಲ್ಲಿ ಅಂಥ ನಿಯಮವಿರಲಿಲ್ಲವಲ್ಲ.

ಎ1 ಮುಳುಗಿದ್ದು ದುಡ್ಡಿನ ಲೆಕ್ಕದಲ್ಲಿ. 2008ರಲ್ಲಿ ಅಗ್ಗದ ಲೋಲಾಗಳನ್ನು ಬದಿಗಿಟ್ಟು ಫೆರಾರಿ ಎಂಜಿನ್ನಿನ ದುಬಾರಿ ಕಾರುಗಳನ್ನು ತರಲಾಯಿತು. ಅದೇ ಹೊತ್ತಿಗೆ ಜಗತ್ತಿನ ಬ್ಯಾಂಕುಗಳು ಕುಸಿಯುತ್ತಿದ್ದವು. ಕಾರುಗಳು ತಯಾರಾಗುವುದೇ ತಡವಾಯಿತು. ಹೇಗೋ ಒಂದು ಋತು ನಡೆದು 2009ರಲ್ಲಿ ಐರ್ಲೆಂಡ್ ಚಾಂಪಿಯನ್ ಆಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಸರ್ಫರ್ಸ್ ಪ್ಯಾರಡೈಸ್‌ನಲ್ಲಿ ಹೊಸ ಋತು ಆರಂಭವಾಗಬೇಕಿತ್ತು. ಸ್ಪರ್ಧೆಯ ಕಾರುಗಳನ್ನು ನೋಡಿಕೊಳ್ಳುತ್ತಿದ್ದ ಕಂಪೆನಿ ದಿವಾಳಿಯಾಗಿದ್ದರಿಂದ ಅವು ಬ್ರಿಟನ್ ಬಿಟ್ಟು ಹೊರಡಲೇ ಇಲ್ಲ. ಓಟ ರದ್ದಾಯಿತು, ಸ್ಪರ್ಧೆಯೂ ಅಲ್ಲಿಗೇ ಮುಗಿಯಿತು. ಭಾರತದ ನೆಲದಲ್ಲಿ ಒಂದು ಎ1 ರೇಸೂ ನಡೆಯಲಿಲ್ಲ. ದೆಹಲಿ ಬಳಿಯ ಬುದ್ಧ ಸರ್ಕೀಟ್ ಸಿದ್ಧವಾದದ್ದು 2011ರಲ್ಲಿ.

ಮೂಲೆ ಸೇರಿದ ಹಳೆಯ ಲೋಲಾ ಕಾರುಗಳಿಗೆ ಮಾತ್ರ ಮತ್ತೆ ಕೆಲಸ ಸಿಕ್ಕಿತು. ಯುರೋಪಿನ ಆಟೋ ಜಿಪಿ ಎಂಬ ಪಂದ್ಯಾವಳಿ 2010ರಿಂದ ಅದೇ ಮಾದರಿಯನ್ನು ಬಳಸತೊಡಗಿತು. 2013ರಲ್ಲಿ ನರೇನ್ ಅಲ್ಲಿಗೂ ಬಂದು ಹಳೆಯ ಗೆಳೆಯನಂತಿದ್ದ ಆ ಕಾರಿನಲ್ಲಿ ಹಲವು ರೇಸ್ ಗೆದ್ದರು. ಫಲಿತಾಂಶ ಪಟ್ಟಿಯಲ್ಲಿ ತಂಡದ ಜಾಗದಲ್ಲಿ ಈಗ ಇದ್ದದ್ದು ಒಂದು ಖಾಸಗಿ ಸಂಸ್ಥೆಯ ಹೆಸರು.