ಮುಪ್ಪಿನ ಏದುಸಿರು

ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ ಏರುವ ರೈಲುದಾರಿಯನ್ನು ಬಲ್ಲವರು ಎಡಕುಮೇರಿಯನ್ನು ಮರೆಯಲಾರರು. ಸುತ್ತ ದಟ್ಟವಾದ ಕಾಡು, ಹಿಂದೆ ಮುಂದೆ ಸುರಂಗಗಳು. ಘಟ್ಟದ ಈ ದಾರಿಯಲ್ಲಿ ಹಳಿ 50 ಅಡಿಗೆ 1 ಅಡಿಯಂತೆ ಏರುತ್ತದೆ. ಭಾರದ ಗಾಡಿಗೆ ಮುಂದಿನ ಎಂಜಿನು ಸಾಲದು. ಹಿಂದಿನಿಂದ ನೂಕಲು ಬೇರೆ ಎಂಜಿನುಗಳನ್ನು ಹೂಡುತ್ತಾರೆ. ಮನುಷ್ಯನ ಎದೆಯೊಳಗಿನ ಎಂಜಿನಿಗೆ ಆ ಅನುಕೂಲವಿಲ್ಲ. ಏರು ಎಷ್ಟೇ ಕಡಿದಾಗಲಿ, ಅದೊಂದೇ ಎಳೆಯಬೇಕು.

ಈ ಸೀಮೆಯ ಕಾಫಿ ತೋಟವೊಂದರಲ್ಲಿ ನನ್ನ ಸೋದರಮಾವನವರಿದ್ದರು. ಎಪ್ಪತ್ತು ದಾಟಿದ ಮೇಲೂ ಗುಡ್ಡದ ನೆತ್ತಿಯ ಮನೆಗೆ ನಿಲ್ಲದೆ ಏರುತ್ತಿದ್ದವರು, ಕ್ರಮೇಣ ನಡುದಾರಿಯ ಹಲಸಿನ ಮರದ ಬುಡದಲ್ಲಿ ಕೂರತೊಡಗಿದರು. 'ವಯಸ್ಸಾಯಿತಲ್ಲ' ಎಂದೆವು. ಮರುವರ್ಷ ಅವರು ಗುಡ್ಡ ಇಳಿಯುವುದನ್ನೇ ಬಿಟ್ಟರು. ಕೇಳಿದರೆ, 'ಈಗ ಆಯಾಸವೇನೂ ಇಲ್ಲ' ಎನ್ನುತ್ತಿದ್ದರು. ನಡೆಯದವರಿಗೆ ಆಯಾಸವೆಲ್ಲಿಯದು? ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಈ ಸರಳ ಪ್ರಶ್ನೆ ಹೊಳೆಯಲಿಲ್ಲ. ಒಂದು ದಿನ ಜಗಲಿಯ ಮೆಟ್ಟಿಲೇರುವಾಗ ಕಣ್ಣು ಕತ್ತಲಿಟ್ಟು ಬಿದ್ದರು. ವೈದ್ಯರು ಸ್ಟೆತಾಸ್ಕೋಪಿನಲ್ಲಿ ಮರ್ಮರ ಶಬ್ದವನ್ನು ಕೇಳಿದರು. ಎಕೋ ಪರೀಕ್ಷೆ ಕಾರಣವನ್ನು ತೋರಿಸಿತು.

ಹೃದಯದಿಂದ ಮಹಾಪಧಮನಿಗೆ ರಕ್ತ ಹೊರಡುವ ಬಾಗಿಲಲ್ಲಿ ಮೂರು ತೆಳ್ಳನೆಯ ಎಸಳುಗಳ ಕವಾಟವಿದೆ. ಅದು ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತದೆ. ಮುಪ್ಪಿನಲ್ಲಿ ಕೆಲವರ ಎಸಳುಗಳಲ್ಲಿ ಸುಣ್ಣದಂಶ ಕೂಡಿ ಅವು ಬಿರುಸಾಗುತ್ತವೆ. 3–4 ಚದರ ಸೆಂಟಿಮೀಟರು ತೆರೆಯಬೇಕಾದ ಬಾಗಿಲು 1ಕ್ಕಿಂತ ಕಿರಿದಾದರೆ ರೋಗ ತೀವ್ರವೆಂದು ಲೆಕ್ಕ. ಶ್ರಮಪಟ್ಟಾಗ ಏದುಸಿರು, ಎದೆನೋವು, ಬವಳಿ — ಇವು ಅದರ ಮುಖ್ಯ ಸೂಚನೆಗಳು. ತೀವ್ರ ರೋಗದಲ್ಲಿ ಇವು ಕಾಣಿಸಿಕೊಂಡ ಮೇಲೆ ಕವಾಟಕ್ಕೆ ಚಿಕಿತ್ಸೆಯಾಗದಿದ್ದರೆ, ಎರಡು ವರ್ಷಗಳೊಳಗೆ ಸುಮಾರು ಅರ್ಧದಷ್ಟು ರೋಗಿಗಳು ತೀರಿಕೊಳ್ಳುತ್ತಾರೆ. ಔಷಧ ಆಯಾಸವನ್ನು ಕೊಂಚ ತಗ್ಗಿಸೀತು, ಬಾಗಿಲನ್ನು ಹಿಗ್ಗಿಸಲಾರದು. ಕವಾಟವನ್ನೇ ಬದಲಿಸಬೇಕು.

ಬದಲಿ ಕವಾಟಗಳಲ್ಲಿ ಎರಡು ಬಗೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ರೂಪಿಸಿದ ಯಾಂತ್ರಿಕ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಜೋಡಿಸಲಾಯಿತು. ಯಾಂತ್ರಿಕ ಕವಾಟ ಬಹುಕಾಲ ಬಾಳುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ಮಾತ್ರೆ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಘಟ್ಟದ ಒಂಟಿಮನೆಯ ವೃದ್ಧರಿಗೆ ಅದು ಸುಲಭವೇ? 2024ರ ಜುಲೈಯಲ್ಲಿ ಎಡಕುಮೇರಿಯ ಬಳಿ ಗುಡ್ಡ ಕುಸಿದು ರೈಲುಗಳೇ ದಿನಗಟ್ಟಲೆ ನಿಂತಿದ್ದವು. ಆ ಮಾತ್ರೆಯಿಂದ ರಕ್ತಸ್ರಾವದ ಭಯವೂ ಉಂಟು. ಆದಕಾರಣ ವಯಸ್ಸಾದವರಿಗೆ ಸಾಮಾನ್ಯವಾಗಿ ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟವನ್ನು ಆರಿಸುತ್ತಾರೆ. ಅದು ಹತ್ತು ಹದಿನೈದು ವರ್ಷಗಳಲ್ಲಿ ಸವೆಯಬಹುದು. ಎಂಬತ್ತರ ಹಿರಿಯರಿಗೆ ಅದು ಸಣ್ಣ ಅವಧಿಯಲ್ಲ.

ಎದೆ ತೆರೆಯುವ ಶಸ್ತ್ರಕ್ರಿಯೆಯನ್ನು ತಾಳಲಾರದವರಿಗೆ ಹಿಂದೆ ದಾರಿಯಿರಲಿಲ್ಲ. 2002ರ ಏಪ್ರಿಲಿನಲ್ಲಿ ಫ್ರಾನ್ಸಿನ ರೂಆನ್ ನಗರದಲ್ಲಿ ಅಲೇನ್ ಕ್ರಿಬಿಯೇ ಎಂಬ ವೈದ್ಯರು ತೊಡೆಸಂದಿನ ರಕ್ತನಾಳದ ಮೂಲಕ ಮಡಿಚಿದ ಕವಾಟವನ್ನು ಹೃದಯಕ್ಕೆ ಒಯ್ದು ಅರಳಿಸಿದರು. 'ಟಾವಿ' ಎಂಬ ಈ ಚಿಕಿತ್ಸೆ ಇಂದು ಬೆಂಗಳೂರಿನಲ್ಲಿಯೂ ಲಭ್ಯ. ವೆಚ್ಚ ಹಲವು ಲಕ್ಷ. ಪಾರ್ಶ್ವವಾಯು, ರಕ್ತಸ್ರಾವ, ಪೇಸ್‌ಮೇಕರಿನ ಅಗತ್ಯ ಮೊದಲಾದ ಅಪಾಯಗಳೂ ಇಲ್ಲದಿಲ್ಲ. ಬೇರೆ ರೋಗಗಳಿಂದ ತೀರ ಜರ್ಜರಿತರಾದವರಿಗೆ ಇದರಿಂದ ಹೆಚ್ಚಿನ ಸುಖ ದೊರೆಯದಿರಬಹುದು. ಆದುದರಿಂದ ವೈದ್ಯರು, ಮನೆಯವರು ಕೂಡಿ ಯೋಚಿಸಬೇಕು. ಎಲ್ಲಕ್ಕೂ ಮೊದಲು ಆ ಹಿರಿಯರ ಮನಸ್ಸನ್ನು ಕೇಳಬೇಕು. ವಯಸ್ಸೊಂದೇ ಅಡ್ಡಿಯಲ್ಲ.

ನಮ್ಮ ಮಾವನವರು ಹೂಂ ಎನ್ನುವ ವೇಳೆಗೆ ಹೃದಯ ಸೋತಿತ್ತು. ಚಿಕಿತ್ಸೆಯ ದಿನಕ್ಕೆ ಮೊದಲೇ ಹೋಗಿಬಿಟ್ಟರು. ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟೆ: ಮನೆಯ ಹಿರಿಯರನ್ನು 'ಆಯಾಸವಿದೆಯೇ?' ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. 'ಹೋದ ವರ್ಷ ಎಲ್ಲಿಯವರೆಗೆ ನಡೆಯುತ್ತಿದ್ದಿರಿ?' ಎಂದೂ ಕೇಳಿ.

(ಆಕಾಶವಾಣಿಯ ಕೃಪೆ)