ಐದರಲ್ಲಿ ಒಬ್ಬ ಬಾರದಿದ್ದರೆ

ತುಮಕೂರಿನಿಂದ ಶಿರಾ ಕಡೆಗೆ ಹೋಗುವಾಗ ಸಿಗುವ ಕೋರದಲ್ಲಿ ಒಂದು ಸಣ್ಣ ಹೋಟೆಲ್ ಇದೆ ಎಂದಿಟ್ಟುಕೊಳ್ಳಿ. ವಸಂತನರಸಾಪುರದ ಕಾರ್ಖಾನೆಗಳಿಗೆ ಪಾಳಿಗೆ ಹೋಗುವವರು, ಲಾರಿ ಡ್ರೈವರುಗಳು ಅದರ ಗಿರಾಕಿಗಳು. ದಿನದ ವ್ಯಾಪಾರ 10,000 ರೂಪಾಯಿ. ದಿನಸಿ, ತರಕಾರಿ, ಹಾಲಿಗೆ 4,000. ಭಟ್ಟರು, ಸಪ್ಲೈಯರ್, ಕ್ಲೀನರ್ ಸೇರಿ ಸಂಬಳ 2,500. ಬಾಡಿಗೆ, ಗ್ಯಾಸ್, ಕರೆಂಟ್ ಇನ್ನೊಂದು 2,500. ಗಲ್ಲಾದಲ್ಲಿ ಉಳಿಯುವುದು 1,000. ಅಂಕಿಗಳು ನನ್ನ ಕಲ್ಪನೆಯವು. ಆದರೆ ಹೋಟೆಲ್ ನಡೆಸಿದ ಯಾರೂ ಇದನ್ನು ನೋಡಿ ನಗಲಾರರು.

ಈಗ ಕಾರ್ಖಾನೆಗಳಲ್ಲಿ ಓಟಿ ನಿಂತಿತು. ಐದು ಜನರಲ್ಲಿ ಒಬ್ಬ ಮನೆಯಿಂದಲೇ ಬುತ್ತಿ ಕಟ್ಟಿಸಿಕೊಂಡು ಬರತೊಡಗಿದ. ವ್ಯಾಪಾರ 8,000ಕ್ಕೆ ಇಳಿಯಿತು, ದಿನಸಿ ಖರ್ಚು 3,200ಕ್ಕೆ. ಸಂಬಳ, ಬಾಡಿಗೆ ಮಾತ್ರ ಇದ್ದಲ್ಲೇ ಇವೆ. ಕೂಡಿ ಕಳೆದರೆ 200 ರೂಪಾಯಿ ಕೈಯಿಂದ ಹೋಯಿತು. ಗಿರಾಕಿ ಕಡಿಮೆಯಾದದ್ದು ಐದನೇ ಒಂದು ಪಾಲು, ಲಾಭ ಪೂರ್ತಿ ಮಾಯ.

ಕಾರಣ ಒಲೆಯ ಮುಂದೆಯೇ ಕಾಣುತ್ತದೆ. ತಟ್ಟೆ ಇಡ್ಲಿಯ ಸ್ಟ್ಯಾಂಡಿಗೆ ಐವತ್ತು ತಟ್ಟೆ ಏರಿಸಿ, ನಲವತ್ತು ಏರಿಸಿ, ಕೆಳಗಿನ ಉರಿ ಹೆಚ್ಚುಕಮ್ಮಿ ಅದೇ, ಬೆಳಗಿನ ಜಾವ ಎದ್ದು ಬರಬೇಕಾದ ಭಟ್ಟರೂ ಅವರೇ. ಸಪ್ಲೈಯರನ್ನು ಬಿಡಿಸಿದರೆ ಒಂದಿಷ್ಟು ಉಳಿಯಬಹುದು. ಆದರೆ ಊಟದ ಬಿಡುವಿರುವುದೇ ಅರ್ಧ ಗಂಟೆ. ಸಾಂಬಾರಿಗೆ ಹತ್ತು ನಿಮಿಷ ಕಾದವನು ನಾಳೆ ಪಕ್ಕದ ಹೋಟೆಲಿಗೆ ಹೋಗುತ್ತಾನೆ.

ಇದೇ ಲೆಕ್ಕವನ್ನು ದೇಶದ ಅಳತೆಗೆ ಹಿಗ್ಗಿಸಿ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆ, ಹನ್ನೆರಡಕ್ಕೆ ಜಾರಿ. ಎನ್‌ಆರ್‌ಎಐ ಎಂಬ ರೆಸ್ಟೋರೆಂಟ್ ಮಾಲೀಕರ ಸಂಘದ ವರದಿಯ ಪ್ರಕಾರ, 2019-20ರಲ್ಲಿ ಸುಮಾರು 4.23 ಲಕ್ಷ ಕೋಟಿ ರೂಪಾಯಿ ಇದ್ದ ಉದ್ಯಮದ ವಹಿವಾಟು ಮರುವರ್ಷ ಸುಮಾರು 2 ಲಕ್ಷ ಕೋಟಿಗೆ ಕುಸಿಯಿತು. ಕಳೆದುಹೋದ ಮೊತ್ತ ಯಡಿಯೂರಪ್ಪನವರು ಆ ಮಾರ್ಚ್‌ನಲ್ಲಿ ಮಂಡಿಸಿದ ಇಡೀ ಕರ್ನಾಟಕದ ಬಜೆಟ್ಟಿಗೆ, ಅಂದರೆ 2,37,893 ಕೋಟಿಗೆ, ಹತ್ತಿರ ಹತ್ತಿರ. ದಿನಕ್ಕೆ ಹಂಚಿದರೆ 610 ಕೋಟಿ, ಸೆಕೆಂಡಿಗೆ ಸುಮಾರು 70,000 ರೂಪಾಯಿ. ನಮ್ಮ ಕೋರದ ಹೋಟೆಲಿನ ಒಂದು ವಾರದ ವ್ಯಾಪಾರ ಒಂದೊಂದು ಸೆಕೆಂಡಿಗೂ ಇಲ್ಲವಾಗುತ್ತಿತ್ತು, ವರ್ಷವಿಡೀ.

ಕೆಲಸ ಕಳೆದುಕೊಂಡವರು 24 ಲಕ್ಷ ಎಂದಿತು ಅದೇ ವರದಿ. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಜನಸಂಖ್ಯೆ 26.79 ಲಕ್ಷ. ಪಾವಗಡದಿಂದ ಕುಣಿಗಲ್‌ವರೆಗೆ, ತೊಟ್ಟಿಲ ಕೂಸನ್ನೂ ಲೆಕ್ಕಕ್ಕೆ ಹಿಡಿದು, ಹತ್ತರಲ್ಲಿ ಒಂಬತ್ತು ಜನ ಒಂದೇ ವರ್ಷದಲ್ಲಿ ಹೋಟೆಲ್ ಕೆಲಸ ಕಳೆದುಕೊಂಡ ಹಾಗೆ.

ಆಳುಗಳನ್ನು ಬಿಡಿಸದೆ ಬಚಾವಾದವರೂ ಇದ್ದಾರೆ, ಅಪರೂಪಕ್ಕೆ. 1924ರಲ್ಲಿ ಶುರುವಾದ ಬೆಂಗಳೂರಿನ ಎಂಟಿಆರ್‌ಗೆ ತುರ್ತುಪರಿಸ್ಥಿತಿಯಲ್ಲಿ ಸರ್ಕಾರದ ಬೆಲೆ ಇಳಿಕೆ ಆಜ್ಞೆ ಬಂತು. ರುಚಿ ಕೆಡಿಸಲು ಒಪ್ಪದ ಮಾಲೀಕರು ಆಯಾ ದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಹಾಕಿ, ಕೊನೆಗೆ ಬಾಗಿಲು ಹಾಕಿದರು. ಕೆಲಸದವರನ್ನು ಬೀದಿಗೆ ಬಿಡಬಾರದೆಂದು ಸಾಂಬಾರ್ ಪುಡಿ, ರವಾ ಇಡ್ಲಿ ಮಿಕ್ಸ್ ಪ್ಯಾಕ್ ಮಾಡಿಸತೊಡಗಿದರು. 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಆ ಪುಡಿಯ ವ್ಯವಹಾರಕ್ಕೆ ಕೊಟ್ಟ ಬೆಲೆ 353 ಕೋಟಿ ರೂಪಾಯಿ.

ಕೋರದ ಹೋಟೆಲಿಗೆ ಆ ಭಾಗ್ಯವಿಲ್ಲ. ಅದು ಉಳಿಯುವುದು ಬೇರೆ ದಾರಿಯಲ್ಲಿ: ಯಜಮಾನ ಗಲ್ಲಾ ಬಿಟ್ಟೆದ್ದು ತಾನೇ ಬಡಿಸುತ್ತಾನೆ, ಹೆಂಡತಿ ಚಟ್ನಿ ರುಬ್ಬಿ ಪಾತ್ರೆಗೂ ಕೂರುತ್ತಾಳೆ. ನಿಜ ಹೇಳಬೇಕೆಂದರೆ ಈ ಇಬ್ಬರೂ ಒಳ್ಳೆಯ ಕಾಲದಲ್ಲೂ ದುಡಿಯುತ್ತಲೇ ಇದ್ದರು, ಬಟವಾಡೆಯ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿರಲಿಲ್ಲ. ತಲಾ 500ರಂತೆ ಕೂಲಿ ಹಿಡಿಯಿರಿ: ದಿನಕ್ಕೆ 1,000, ವರ್ಷಕ್ಕೆ 3.65 ಲಕ್ಷ. ನಾವು ಮೊದಲು ಲಾಭವೆಂದು ಬರೆದುಕೊಂಡದ್ದೂ ಅಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ.